ಹುಳುಮನೆಯಲ್ಲಿ ನಾಲ್ಕನೇ ದಿನ

ಮಾಂಬಳ್ಳಿಯ ಶಿವರುದ್ರಸ್ವಾಮಿಗೆ ಮೂರು ಎಕರೆ ಹಿಪ್ಪುನೇರಳೆ ತೋಟವಿತ್ತು, ಇಪ್ಪತ್ತಾರು ವರ್ಷದ ಬೀಡಿ ಚಟವಿತ್ತು, ತನ್ನದೇ ಹುಳುಮನೆಯೊಳಗೆ ಕಾಲಿಡುವ ಯೋಗ್ಯತೆ ಮಾತ್ರ ಇರಲಿಲ್ಲ. ಬೀಡಿ ಹೊಗೆ ತಾಕಿದರೆ ರೇಷ್ಮೆಹುಳ ಉಳಿಯವು ಎಂದು ಹೆಂಡತಿ ನಾಗಶ್ರೀ ಅವನನ್ನು ಹೊಸ್ತಿಲಲ್ಲೇ ತಡೆಯುತ್ತಿದ್ದಳು. ತೋಟ ಅವನದು, ಹುಳ ಅವಳದು. ಸಂಸಾರ ಹಾಗೇ ಸಾಗಿತ್ತು.

ಈ ಸಲ ನಾಗಶ್ರೀ ಜಾರಿಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಹುಳಗಳು ಆಗಷ್ಟೇ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಇನ್ನೊಂದು ವಾರ ಹೊಟ್ಟೆ ತುಂಬ ಸೊಪ್ಪು ತಿಂದರೆ ಗೂಡು, ಇಲ್ಲದಿದ್ದರೆ ಇಡೀ ಬೆಳೆ ತಿಪ್ಪೆಗೆ. ಈಗ ಸೊಪ್ಪು ಹಾಕಬೇಕಾದವನು ಈ ಮಹಾರಾಯ.

ಆಸ್ಪತ್ರೆಯಲ್ಲಿ ಅವನ ಕೆಮ್ಮು ಕೇಳಿದ ನರ್ಸ್ ಪುಷ್ಪ ಬಿಡಲಿಲ್ಲ. “ಬೀಡಿ ಇವತ್ತೇ ಬುಟ್ಬುಡಿ ಸಾ. ಆಸೆ ಬಂದಾಗ ಐದು ನಿಮಿಷ ತಡ್ಕಳಿ, ನೀರು ಕುಡೀರಿ, ಕೈಗೆ ಏನಾರ ಕೆಲ್ಸ ಕೊಡಿ. ಒಂದ್ಸಲ ತಪ್ಪುದ್ರೆ ಎಲ್ಲಾ ಓಯ್ತು ಅಂತ ಕೂರಬೇಡಿ, ಮತ್ತೆ ಸುರು ಮಾಡಿ.”

ಮೂರು ದಿನ ಹಲ್ಲು ಕಚ್ಚಿ ತಡೆದ. ನೀರು ಕುಡಿದೂ ಕುಡಿದೂ ಹೊಟ್ಟೆ ಕೊಡವಾಯಿತು. ನಾಲ್ಕನೇ ಬೆಳಿಗ್ಗೆ ತಲೆ ಸಿಡಿಯತೊಡಗಿತು, ಏನೂ ತಪ್ಪು ಮಾಡದ ಕರುವಿನ ಮೇಲೆ ರೇಗಿದ. ಬೇಲಿಯಾಚೆಯಿಂದ ಇದನ್ನು ನೋಡಿದ ಗೆಳೆಯ ಚಿನ್ನಸ್ವಾಮಿ ಹೊಗೆಸೊಪ್ಪಿನ ಪುಡಿ ಚಾಚಿದ. “ತಕಳ್ಲಾ, ಇದ್ರಲ್ಲಿ ಒಗೆ ಎಲ್ಲದೆ?”

ಹೌದಲ್ಲ, ಹೊಗೆಯೇ ಇಲ್ಲದ ಮೇಲೆ ದೋಷವೇನು ಅನ್ನಿಸಿತು ನಮ್ಮ ಬುದ್ಧಿವಂತನಿಗೆ. ಅಂಗೈಯಲ್ಲಿ ತಿಕ್ಕಿ ತುಟಿಗಿಟ್ಟ. ಆ ಕೈಯಲ್ಲೇ ಸೊಪ್ಪು ಹಿಡಿದು ಮೊದಲ ಎರಡು ತಟ್ಟೆಗಳಿಗೆ ಹರಡಿದ. ಅಷ್ಟರಲ್ಲಿ ಕರು ಕೂಗಿದ್ದಕ್ಕೆ ಉಳಿದ ಕಂತೆ ಹಾಗೇ ಬಿಟ್ಟು ಹೊರಗೆ ಹೋದ.

ಅರ್ಧ ಗಂಟೆಯಲ್ಲಿ ನಾಗಶ್ರೀ ಕೂಗಿದಳು. ಆ ಎರಡು ತಟ್ಟೆಗಳ ಹುಳಗಳು ತಲೆಯೆತ್ತಿ ಹೊಯ್ದಾಡುತ್ತಿದ್ದವು, ಬಾಯಿಂದ ಹಸಿರು ರಸ ಕಾರುತ್ತಿದ್ದವು.

“ಪಕ್ಕದ ತೋಟದೋರು ಔಷ್ದಿ ಒಡ್ದವ್ರೆ. ಸೊಪ್ಪಿಗೆ ಬಿದ್ದದೆ,” ಎಂದಳು. “ಒಂದೆಲೆನೂ ಆಕ್ಬೇಡ. ಎಲ್ಲಾ ಆಚೆಗೆಸಿ.”

ಎಲ್ಲ ಅಂದರೆ ಇಡೀ ದಿನದ ಸೊಪ್ಪು. ಉಳಿದ ಮೂವತ್ತೆಂಟು ತಟ್ಟೆಗಳ ಹುಳ ಹಸಿದು ತಲೆಯಾಡಿಸುತ್ತಿದ್ದವು. ಬಾಯಿ ಮುಚ್ಚಿಕೊಂಡರೆ ಅವನ ಮಾನ ಉಳಿಯುತ್ತಿತ್ತು, ಹುಳ ಉಪವಾಸ ಸಾಯುತ್ತಿದ್ದವು, ಪಕ್ಕದವರೊಂದಿಗೆ ಜಗಳ ಬೇರೆ. ಅವಳು ಎಡಗೈಯಲ್ಲೇ ಸೊಪ್ಪಿನ ಕಂತೆ ಎಳೆದು ಬಾಗಿಲತ್ತ ನಡೆದಳು.

“ನಿಲ್ಲು,” ಎಂದ. “ಸೊಪ್ಪು ಚೆಂದಾಗದೆ. ಇಸ ಇರೋದು ನನ್ ಕೈಲಿ.” ತುಟಿಯೆಳೆದು ಒಳಗಿದ್ದುದನ್ನು ತೋರಿಸಿದ.

ಬೈಗುಳಕ್ಕೆ ಕಾದು ನಿಂತ. ನಾಗಶ್ರೀ ಕಂತೆ ಕೆಳಗಿಟ್ಟು ಒದ್ದಾಡುವ ಹುಳಗಳತ್ತ ಕೈ ತೋರಿದಳು.

“ಉಳ ಅರ್ಧ ಗಂಟೇಲಿ ತೋರುಸ್ಬುಡ್ತವೆ,” ಎಂದಳು. “ನೀನು ಇಪ್ಪತ್ತಾರು ವರ್ಸದಿಂದ ತೋರುಸ್ತಾ ಇದ್ದೀಯ. ರಾತ್ರಿಯೆಲ್ಲ ಕೆಮ್ತೀಯ, ನಾನು ಎದ್ದು ಕುಂತ್ಕಂಡು ನೋಡ್ತೀನಿ. ನಿನ್ನ ಯಾವ ಒಸ್ತಿಲಲ್ಲಿ ತಡೀಲಿ?”

ಹುಳಗಳ ಜೀವಕ್ಕೆ ಹೆದರಿದಷ್ಟು ಅವನು ತನ್ನ ಜೀವಕ್ಕೆ ಒಂದು ದಿನವೂ ಹೆದರಿರಲಿಲ್ಲ. ಕಣ್ಣು ತುಂಬಿಬಂತು.

“ಓಗಿ ಬಾಯಿ, ಕೈ ಎರಡೂ ಸೋಪಾಕಿ ತೊಳ್ಕಂಡು ಬಾ,” ಎಂದಳು ಅವಳು. “ಎರಡು ತಟ್ಟೆ ಓದ್ವು. ಇನ್ನೂ ಮೂವತ್ತೆಂಟು ತಟ್ಟೆ ಅವೆ.”

ಅವನು ಬಚ್ಚಲಿಗೆ ಹೋಗಿ ಪುಡಿ ಉಗಿದು, ಬಾಯಿ ಮುಕ್ಕಳಿಸಿ, ಮೊಣಕೈವರೆಗೂ ಮೂರು ಸಲ ಉಜ್ಜಿ ತೊಳೆದ. ಬಂದು ಹೊಸ್ತಿಲಲ್ಲಿ ನಿಂತು, ಎರಡೂ ಅಂಗೈಗಳನ್ನು ಹೆಂಡತಿಯ ಮೂಗಿನ ಹತ್ತಿರ ಚಾಚಿದ. ಅವಳು ಮೂಸಿ ನೋಡಿ ದಾರಿ ಬಿಟ್ಟಳು.