ಕಿತ್ತು ತಂದ ಬಾಗಿಲು

ಯಗಟಿಗೆ ಹೆಣ್ಣು ನೋಡಲು ಬಂದ ದಿನ ಓಂಕಾರಪ್ಪ ಕಮಲಾಕ್ಷಮ್ಮನನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮೂರ್ ಹತ್ರ ಎಲ್ಲಾದ್ರೂ ಡ್ಯಾಮ್ ಕಟ್ತಾರಂತಾ?" ಎಂಬುದು. ಹೊಳೆಯೇ ಇಲ್ಲದ ಊರಿನ ಹುಡುಗಿ ನಕ್ಕುಬಿಟ್ಟಳು. ಆ ನಗೆಗೆ ಇಂದಿಗೂ ದಂಡ ತೆರುತ್ತಿದ್ದಾಳೆ. ಯಾರದೇ ಮದುವೆಯೂಟದಲ್ಲೂ ಅವನು ಬಡಿಸುವವನನ್ನು ತಡೆದು, "ಯಾರ ಊರು ಮುಳುಗ್ಸಿ ಬೆಳೆದ ಅಕ್ಕಿ ಕಣೋ ಇದು?" ಎನ್ನುತ್ತಾನೆ. ಕಂಡಕ್ಟರ್ ಎಲ್ಲಿಗೆಂದು ಕೇಳಿದರೆ ಹಿಂದೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ತನ್ನೂರಿನ ಹೆಸರು ಹೇಳುತ್ತಾನೆ. "ಅದು ನೀರಲ್ಲೈತಲ್ಲಜ್ಜಾ!" "ಊರು ಅಲ್ಲೇ ಐತೆ ಕಣಪ್ಪಾ, ನೀರು ಆಮೇಲೆ ಬಂದಿದ್ದು." ಎಮ್ಮೆದೊಡ್ಡಿಯ ಅವನ ಈಗಿನ ಮನೆಗೆ ಇರುವುದು ತಗಡಿನ ಬಾಗಿಲು, ಮುಳುಗಿದ ಊರಿಂದ ತಂದ ತೇಗದ ಬಾಗಿಲು ಪಡಸಾಲೆಯ ಗೋಡೆಗೆ ಒರಗಿ ನಿಂತಿದೆ. "ಸರ್ಕಾರದ ಬದ್ಲಿ ಜಮೀನು ಸಿಗೋವರ್ಗೂ ಅದನ್ನ ಕೂರ್ಸಲ್ಲ ಕಣೇ." "ಹಂಗಾದ್ರೆ ಸೌದೆ ಮಾಡ್ತೀನಿ ನೋಡ್ರಿ!" ಎಂದು ಕಸ ಗುಡಿಸುವಾಗಲೆಲ್ಲ ಕಮಲಾಕ್ಷಮ್ಮ ರೇಗುತ್ತಾಳೆ, ರೇಗುತ್ತಲೇ ಅದಕ್ಕೆ ಎಣ್ಣೆ ಸವರುತ್ತಾಳೆ. ಅದರ ಕಥೆ ಅವಳಿಗೆ ಗೊತ್ತು. ಹಿನ್ನೀರು ಏರುವ ಮೊದಲೇ, ಒಳ್ಳೆಯ ಮರ ಕೊಳೆತುಹೋದೀತೆಂದು ಓಂಕಾರಪ್ಪನ ಅಪ್ಪ ಊರವರಿಗೆಲ್ಲ ಹೇಳಿ ಬಾಗಿಲುಗಳನ್ನು ಕೀಳಿಸಿದ್ದ. ಆಮೇಲೆ ಬಂದ ಅಧಿಕಾರಿ ಬಾಗಿಲಿಲ್ಲದ ಮನೆಗಳನ್ನು ನೋಡಿ, ಇವರು ತಾವಾಗಿಯೇ ಊರು ಬಿಟ್ಟಿದ್ದಾರೆಂದು ಬರೆದುಕೊಂಡ. ಊರಿಗೆ ಊರೇ ಬದಲಿ ಜಮೀನು ಕಳೆದುಕೊಂಡಿತು. ಅಪ್ಪ ಸಾಯುವವರೆಗೂ ನೆರೆಯ ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಈಗ ತರೀಕೆರೆಯಾಚೆಯ ಒಂದು ಹಳ್ಳಿಯಲ್ಲಿ ಹೊಸ ಅಣೆಕಟ್ಟಿಗೆ ಸರ್ವೆ ನಡೆದಿದೆ. ಓಂಕಾರಪ್ಪ ದಿನವೂ ಮೊದಲ ಬಸ್ಸಿಗೆ ಅಲ್ಲಿಗೆ ಹೋಗುತ್ತಾನೆ, ಮನೆಮನೆಯ ಜಗಲಿಯಲ್ಲೂ ಕೂತು, ಅಣೆಕಟ್ಟು ಬೇಡವೆಂದು ಗಂಟಲು ಹರಿಯುವಷ್ಟು ವಾದಿಸಿ, ಏಳುವಾಗ ತಗ್ಗಿದ ದನಿಯಲ್ಲಿ ಕೇಳಿಕೊಳ್ಳುತ್ತಾನೆ: "ಏನೇ ಆಗ್ಲಿ, ಬಾಗ್ಲು ಮಾತ್ರ ನೀವೇ ಕೀಳ್ಬೇಡ್ರಪ್ಪಾ."