ಬೂಷ್ಟಕ್ಕನ ಕಂದಕ

ನನ್ನ ಹೆಂಡತಿಯ ತಂಗಿಯನ್ನು ನಮ್ಮ ಬೀದಿಯವರೆಲ್ಲ ಬೂಷ್ಟಕ್ಕ ಎಂದೇ ಕರೆಯುತ್ತಾರೆ. ಅವಳಿಗೇನೂ ಬೇಸರವಿಲ್ಲ. "ಡಾಕ್ಟರಮ್ಮ ಅಂದ್ರೆ ಜನ ಕೆಮ್ಮು ನೆಗಡಿ ಹೇಳ್ಕೊಂಡು ಬರ್ತಾರೆ ಭಾವ, ಇದೇ ವಾಸಿ" ಎನ್ನುತ್ತಾಳೆ. ಮರಗಳಿಗೆ ಹಿಡಿಯುವ ಬೂಷ್ಟುರೋಗಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವಳು. ಬ್ರೆಡ್ಡಿನ ಮೇಲೆ ಬೂಷ್ಟು ಕಂಡರೆ ನಾವು ಎಸೆಯುತ್ತೇವೆ. ಅವಳು ಭೂತಗನ್ನಡಿ ಹಿಡಿದು ಕೂರುತ್ತಾಳೆ. ಚಿಕ್ಕವಳಿದ್ದಾಗ ಮರದಿಂದ ಬಿದ್ದು ಕೈ ಮುರಿದುಕೊಂಡಳಂತೆ. ಪಟ್ಟಿ ಕಟ್ಟುತ್ತಿದ್ದವರಿಗೆ, "ಮುರಿದ ಕೊಂಬೆಗೆ ಯಾರು ಕಟ್ತಾರೆ?" ಎಂದು ಕೇಳಿದಳಂತೆ.

ಅವಳು ನಮ್ಮ ಮಹಡಿಯ ಕೋಣೆಯಲ್ಲಿದ್ದಾಳೆ. ಅವಳಮ್ಮ, ಅಂದರೆ ನನ್ನ ಅತ್ತೆ, ಕೆಳಗೆ ನಮ್ಮ ಜೊತೆಗಿದ್ದಾರೆ. ನನ್ನ ವೆಲ್ಡಿಂಗ್ ಅಂಗಡಿಯೂ ಅದೇ ಬೀದಿಯಲ್ಲಿ, ಮರಗಳ ಸಾಲಿನ ನೆರಳಲ್ಲಿ. ಆ ನೆರಳಿಲ್ಲದಿದ್ದರೆ ಬೇಸಿಗೆಯಲ್ಲಿ ಕಬ್ಬಿಣ ಮುಟ್ಟುವ ಹಾಗಿಲ್ಲ.

ಹೋದ ವರ್ಷ ಮೂಲೆಯ ಮರ ಒಣಗಿತು. ಪಕ್ಕದ್ದು ಹಳದಿಯಾಯಿತು. ನಗರದ ತೋಟಗಾರಿಕೆ ಇಲಾಖೆಯ ಸಾಹೇಬರು ಬಂದವರೇ ಇಡೀ ಸಾಲಿಗೆ ಕಡಿಯಲೆಂದು ಕೆಂಪು ಬಣ್ಣದಲ್ಲಿ ಕಾಟು ಗುರುತು ಹೊಡೆಸಿದರು.

"ಗಾಳೀಲಿ ಹರಡೋ ರೋಗ. ಎಲ್ಲಾ ಹೋಗ್ಬೇಕು. ತಿಂಗಳ ಕೊನೆಗೆ ಗರಗಸ ಬರುತ್ತೆ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸುತ್ತಿಗೆ ಹಿಡಿದೇ ನುಗ್ಗಿದೆ. ನಾದಿನಿ ಅಡ್ಡ ನಿಂತಳು.

"ಸುತ್ತಿಗೆ ಕೆಳಗಿಡಿ ಭಾವ. ಅವರ ತಲೆಗೇನಾದ್ರೂ ಆದ್ರೆ ಮರಾನೂ ಹೋಗುತ್ತೆ, ನೀವೂ ಒಳಗೆ ಹೋಗ್ತೀರ." ಆಮೇಲೆ ಸಾಹೇಬರ ಕಡೆ ತಿರುಗಿ, "ಗಾಳೀಲಿ ಅಲ್ಲ ಅಂತ ತೋರಿಸಿದ್ರೆ ಬಿಡ್ತೀರಾ?" ಎಂದಳು.

"ತೋರ್ಸಮ್ಮ, ನೋಡೋಣ."

ಎಲೆ, ತೊಗಟೆಯ ಚೂರುಗಳನ್ನು ಗಾಜಿನ ತಟ್ಟೆಗಳಲ್ಲಿಟ್ಟು ಬೂಷ್ಟು ಬೆಳೆಸತೊಡಗಿದಳು. ಅವಳು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಸುಣ್ಣಬಣ್ಣ ನಡೆಯುತ್ತಿದ್ದುದರಿಂದ ತಟ್ಟೆಗಳನ್ನೆಲ್ಲ ಮಹಡಿಗೆ ತಂದಿಟ್ಟಳು. ಒಂದು ಸಂಜೆ ಬಂದು ನೋಡಿದರೆ ಅವೆಲ್ಲ ಫಳಫಳ ಹೊಳೆಯುತ್ತ ಬೋರಲು ಬಿದ್ದಿವೆ!

"ಇಷ್ಟು ಓದಿದೀಯ, ತಟ್ಟೆ ತೊಳ್ಯೋಕೆ ಬರಲ್ವಲ್ಲೇ ನಿಂಗೆ!" ಎಂದರು ಅತ್ತೆ. "ಎಲ್ಲಾ ಹಳಸಿ ಬೂಷ್ಟು ಹಿಡ್ದಿತ್ತು. ಸೋಡಾ ಹಾಕಿ ತಿಕ್ಕಿದೀನಿ, ಮುಖ ನೋಡ್ಕೋಬಹುದು."

ನಾದಿನಿ ಬರಿದಾದ ತಟ್ಟೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕಣ್ಣೊರೆಸಿಕೊಂಡು ನಗತೊಡಗಿದಳು.

"ಇರ್ಲಿ ಬಿಡಮ್ಮ. ಎಲೇಲಿ ಅಂಥದ್ದೇನೂ ಸಿಕ್ಕಿರ್ಲಿಲ್ಲ. ಮತ್ತೆ ಶುರು ಮಾಡೋದಾದ್ರೆ ಬುಡದಿಂದಲೇ ಮಾಡೋಣ. ಭಾವ, ಗುದ್ದಲಿ ಇದೆಯಾ?"

ಮರುದಿನ ಅಗೆದೆವು. ಮೂಲೆಮರದ ಬೇರಿನ ಸಿಪ್ಪೆ ಸುಲಿದರೆ ಒಳಗೆ ತೆಳ್ಳನೆಯ ಬಿಳಿ ಪದರ, ಒದ್ದೆ ಬಟ್ಟೆಯ ವಾಸನೆ. ಅದರ ಬೇರು, ಪಕ್ಕದ ಮರದ ಬೇರು ಬೆಸುಗೆ ಹಾಕಿದ ಹಾಗೆ ಕೂಡಿಕೊಂಡಿದ್ದವು. ಮೂರನೆಯ ಮರದ ಬೇರು ಮಾತ್ರ ಚೊಕ್ಕವಾಗಿತ್ತು.

"ನೋಡಿ ಸಾರ್," ಎಂದು ಸಾಹೇಬರನ್ನು ಗುಂಡಿಯೊಳಗೇ ಇಳಿಸಿದಳು. "ಮರಗಳು ನೆಲದಡಿ ಕೈ ಕೈ ಹಿಡ್ಕೊಂಡಿವೆ. ರೋಗ ಆ ಕೈ ದಾಟಿ ಬಂದಿದೆ. ಈ ಎರಡನ್ನ ತೆಗೆದು, ಉಳಿದವುಗಳ ಕೈ ಬಿಡಿಸಿದ್ರೆ ಸಾಕು."

ಸಾಹೇಬರು ಬಹಳ ಹೊತ್ತು ಬಗ್ಗಿ ನೋಡಿದರು. "ಸರಿ, ಎರಡು ತೆಗೀತೀವಿ. ಉಳಿದವು ಚಿಗುರದಿದ್ರೆ ಮಾತ್ರ ನನ್ನ ಕೇಳ್ಬೇಡಿ."

ಎರಡು ಮರ ಬೇರುಸಮೇತ ಹೋದವು. ಮೂರನೆಯದರ ಮುಂದೆ ಆಳುದ್ದ ಕಂದಕ ತೋಡಿ, ಬೇರು ದಾಟದಂತೆ ನಾನು ಕಬ್ಬಿಣದ ತಗಡು ಬೆಸೆದು ನಿಲ್ಲಿಸಿದೆ. ಆಮೇಲೆ ಎಲೆ ಉದುರುವ ಕಾಲ ಬಂತು. ಸಾಲೆಲ್ಲ ಬೋಳು. ಎದುರಿನ ಕ್ಷೌರದಂಗಡಿಯವನು ಸುಮ್ಮನಿರುತ್ತಾನೆಯೇ?

"ಏನು ಬೂಷ್ಟಕ್ಕ, ನನ್ ಗಿರಾಕಿ ತಲೆ ಥರ ಆಯ್ತಲ್ಲ, ಒಂದ್ ಕೂದ್ಲೂ ಇಲ್ಲ!"

"ಅವರ ತಲೆ ನಿಮ್ಮ ಜವಾಬ್ದಾರಿ ಅಣ್ಣ, ಇವು ನಂದು. ಕಾಯಿರಿ" ಎಂದಳು. ಹೇಳಿದಳೇನೋ ಸರಿ, ದಿನಾ ಬೆಳಗ್ಗೆ ಕತ್ತೆತ್ತಿ ನೋಡಿ ನೋಡಿ ಅವಳ ಕತ್ತೇ ಉಳುಕಿತು.

ಮೊದಲು ಚಿಗುರಿದ್ದು ಕಂದಕದ ದಡದ ಮರವೇ! ತಾಮ್ರದ ಬಣ್ಣದ ಎಳೆಚಿಗುರು. ವಾರದಲ್ಲಿ ಇಡೀ ಸಾಲು ಹೊತ್ತಿಕೊಂಡ ಹಾಗೆ ಚಿಗುರಿತು. ನಾನು ರಸ್ತೆಯ ಮಧ್ಯೆ ನಿಂತು ಸಿಳ್ಳೆ ಹೊಡೆದೆ. ಸಾಹೇಬರು ಬಂದು ತಲೆಯೆತ್ತಿದಾಗ ಅವರ ಟೋಪಿ ಹಿಂದಕ್ಕೆ ಬಿತ್ತು.

"ಗೆದ್ರಿ ಕಣಮ್ಮ. ಊರಿನ ಬಾಕಿ ಮರಗಳನ್ನೂ ನೀವೇ ನೋಡ್ಬೇಕು. ಈ ಕೆಂಪು ಕಾಟು ಅಳಿಸೋಕೆ ಜನ ಕಳಿಸ್ತೀನಿ."

"ಜನ ಯಾಕೆ?" ಅತ್ತೆ ಆಗಲೇ ಬಕೆಟ್ಟು, ಬ್ರಷ್ಷು ಹಿಡಿದು ಬಂದಿದ್ದರು. "ತೊಳೆಯೋದು ನನ್ ಕೆಲ್ಸ."

ನಾದಿನಿ ತಾಯಿಯ ಹೆಗಲ ಮೇಲೆ ಕೈಹಾಕಿದಳು. "ತಿಕ್ಕಮ್ಮ, ಈ ಸಲ ಎಷ್ಟು ಬೇಕಾದ್ರೂ ತಿಕ್ಕು. ತೊಗಟೆ ಮಾತ್ರ ಕೀಳ್ಬೇಡ!"