ಎರಡು ಹೆಡ್‌ಫೋನು, ಎಕ್ಸ್‌ಚೇಂಜ್ ಅಕ್ಕ

ಚರ್ಮ ಬಿಸಿಯಾದಾಗ ಬರುವ ವಾಸನೆಯೇ ಬೇರೆ. ಅಂಗಡಿಯ ಹೊಸ ಚಪ್ಪಲಿಯ ವಾಸನೆಯಲ್ಲ ಅದು. ಕಿವಿಯ ಶಾಖ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಒಂದಿಷ್ಟು ಬೆವರು ಎಲ್ಲ ಕೂಡಿದ ವಾಸನೆ. ಕಳೆದ ವಾರ ಕೋಲಾರದ ನನ್ನ ಬಾಡಿಗೆ ಮನೆಯಲ್ಲಿ ಒಂದೂವರೆ ಗಂಟೆ ನಾದಸ್ವರ ಕೇಳಿ ಮುಗಿಸಿ, ಹೆಡ್‌ಫೋನನ್ನು ತಲೆಯಿಂದ ತೆಗೆದು ಮೂಗಿನ ಹತ್ತಿರ ಹಿಡಿದೆ. ಯಾಕೆ ಹಿಡಿದೆ ಎಂದು ಕೇಳಬೇಡಿ. ಒಬ್ಬನೇ ಇರುವವನಿಗೆ ಇಂಥ ಚಾಳಿಗಳು ಅಂಟಿಕೊಳ್ಳುತ್ತವೆ. ನಲವತ್ತು ವರ್ಷದಿಂದ ಮೂಗಿಗೆ ಬಡಿಯದಿದ್ದ ವಾಸನೆ... ಶ್ರೀನಿವಾಸಪುರದ ಟೆಲಿಫೋನ್ ಎಕ್ಸ್‌ಚೇಂಜಿನ ಅಕ್ಕನ ಹೆಡ್‌ಸೆಟ್ಟಿನ ವಾಸನೆ.

ಮೊದಲು ನನ್ನ ಹೆಡ್‌ಫೋನಿನ ವಿಷಯ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಜನ ನಿವೃತ್ತರಾದ ಮೇಲೆ ತೀರ್ಥಯಾತ್ರೆ ಮಾಡುತ್ತಾರೆ, ಸೈಟು ಕೊಳ್ಳುತ್ತಾರೆ; ನನಗೆ ಒಳ್ಳೆಯ ಹೆಡ್‌ಫೋನಿನ ಹುಚ್ಚು ಹಿಡಿಯಿತು. ಬೆಂಗಳೂರಿನ ಅಂಗಡಿಯೊಂದು ಎರಡು ಜೊತೆ ಕಳಿಸಿಕೊಟ್ಟಿತ್ತು. ಹತ್ತು ದಿನ ಎರಡನ್ನೂ ಕೇಳಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ಸು ಮಾಡಬೇಕು. ಒಂದರ ಕಿವಿಬಟ್ಟಲು ಪೂರ್ತಿ ಮುಚ್ಚಿದ್ದು, ಸುತ್ತ ಮೆತ್ತನೆಯ ಚರ್ಮ. ಇನ್ನೊಂದರ ಹೊರಮೈ ಉಕ್ಕಿನ ಜಾಲರಿ, ಗಾಳಿಯಾಡುವಂಥದ್ದು.

ಪಾಠ ಮಾಡುವ ಚಪಲ ಹೋಗಿಲ್ಲವಲ್ಲ, ಪ್ರಯೋಗಾಲಯದ ನೋಟ್‌ಬುಕ್ಕಿನ ಹಾಗೆ ಒಂದು ಪುಸ್ತಕ ಮಾಡಿ ಬರೆದುಕೊಳ್ಳುತ್ತಾ ಹೋದೆ. ಅದೇ ನಾದಸ್ವರದ ಧ್ವನಿಮುದ್ರಣ, ಅದೇ ವಾಲ್ಯೂಮು, ಅದೇ ಕುರ್ಚಿ. ಚರ್ಮದ್ದರಲ್ಲಿ ಎಲ್ಲವೂ ಹಿತ. ನುಡಿಸುವವನ ಆಯಾಸ ಕಾಣುವುದಿಲ್ಲ, ಡೋಲಿನ ಪೆಟ್ಟು ದುಂಡಗೆ ಬಂದು ಎದೆಗೆ ತಾಗುತ್ತದೆ. ಜಾಲರಿಯದ್ದರಲ್ಲಿ ಹಾಗಲ್ಲ. ಪೀಪಿಯಲ್ಲಿ ಎಂಜಲು ಸಿಕ್ಕಿದ್ದು ಕೇಳುತ್ತದೆ, ಸಭೆಯಲ್ಲಿ ಯಾರೋ ಕೆಮ್ಮಿ ಕೆಮ್ಮು ನುಂಗಿದ್ದು ಕೇಳುತ್ತದೆ, ಉಸಿರು ಸಾಲದೆ ನುಡಿಸುವವನು ಒಂದು ಸ್ವರವನ್ನು ಬೇಗ ಬಿಟ್ಟದ್ದೂ ಕೇಳುತ್ತದೆ. ಜೊತೆಗೆ ಹೊರಗಿನ ಹಾಲಿನ ಗಾಡಿ, ಪಕ್ಕದ ಮನೆಯ ಕುಕ್ಕರು. ನನ್ನ ಮನಸ್ಸು ಚರ್ಮದ್ದರ ಕಡೆಗೇ ವಾಲಿತ್ತು. 'ಇದು ಸಾಕು, ಅದು ವಾಪಸ್ಸು' ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆಯನ್ನೂ ಎಳೆದಿದ್ದೆ. ಪಕ್ಕದಲ್ಲಿ ಕೂತು 'ಎಲ್ಲಿ, ನನಗೂ ಕೊಡಿ ಕೇಳ್ತೀನಿ' ಎನ್ನುವವರು ಒಬ್ಬರಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇರಲಿಲ್ಲ. ಆಗಲೇ ಚರ್ಮದ್ದನ್ನು ಮೂಗಿಗೆ ಹಿಡಿದದ್ದು.

ಎಕ್ಸ್‌ಚೇಂಜ್ ಅಕ್ಕ ನಮ್ಮ ಪಕ್ಕದ ಮನೆಯವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ, ಅಣ್ಣನ ಸಂಸಾರದ ಜೊತೆ ಇದ್ದರು. ಆಗಿನ್ನೂ ಶ್ರೀನಿವಾಸಪುರದಲ್ಲಿ ನಂಬರು ತಿರುಗಿಸಿದರೆ ಫೋನು ಹೋಗುತ್ತಿರಲಿಲ್ಲ. ರಿಸೀವರ್ ಎತ್ತಿದರೆ ಅಕ್ಕ 'ನಂಬರ್?' ಎನ್ನುವರು, ಎದುರಿನ ಬೋರ್ಡಿನ ತೂತಿಗೆ ವೈರು ಸಿಕ್ಕಿಸಿ ಬೇಕಾದವರಿಗೆ ಜೋಡಿಸುವರು. ತಲೆಗೆ ಕಬ್ಬಿಣದ ಪಟ್ಟಿ, ಎಡಗಿವಿಗೆ ಮಾತ್ರ ಒಂದು ಬಿಲ್ಲೆ. ಆ ಬಿಲ್ಲೆ ಒತ್ತಿ ಕಿವಿ ನೋಯುತ್ತದೆಂದು ಬಸ್‌ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೊಂದು ಚರ್ಮದ ಮೆತ್ತೆ ಹೊಲಿಸಿಕೊಂಡಿದ್ದರು.

ಕಾಲೇಜಿನ ದಿನಗಳಲ್ಲಿ ಎಷ್ಟೋ ಮಧ್ಯಾಹ್ನ ಅವರ ಊಟದ ಕ್ಯಾರಿಯರನ್ನು ನಾನೇ ಒಯ್ದು ಕೊಡುತ್ತಿದ್ದೆ. ಒಳಗೆ ಬಿಡುವಂತಿರಲಿಲ್ಲ, ಅಕ್ಕ ಬಿಡುತ್ತಿದ್ದರು. ಒಮ್ಮೆ ಹೆಡ್‌ಸೆಟ್ಟನ್ನು ತೆಗೆದು ನನ್ನ ತಲೆಗೇ ಹಾಕಿದರು.

"ಕೇಳು, ಇದು ಮುಳಬಾಗಿಲು ಲೈನು. ಗುಂಯ್ ಅಂತದೆ. ಈಗ ಮದನಪಲ್ಲಿ ಕೇಳು, ಸಾಸಿವೆ ಸಿಡಿದಂಗೆ. ಕಣ್ಮುಚ್ಕೊಂಡು ಕೂತಿದ್ರೂ ನಂಗೆ ಗೊತ್ತಾಗ್ತದೆ ಕಣೋ, ಯಾವೂರು ಅಂತ."

ನನಗೆ ಎರಡೂ ಒಂದೇ ಗೊರಗೊರ. ಆದರೆ ಗೊತ್ತಾದವನ ಹಾಗೆ ತಲೆಯಾಡಿಸಿದೆ. 'ಬುರುಡೆ ಬಿಡ್ಬೇಡ್ವೋ' ಎಂದು ತಲೆಗೊಂದು ಮೊಟಕಿದರು.

ಲೈನು ತೀರಾ ಕೆಟ್ಟಿದ್ದಾಗ ಈ ಕಡೆಯವರಿಗೆ ಆ ಕಡೆಯವರ ಮಾತು ಕೇಳಿಸುತ್ತಿರಲಿಲ್ಲ. ಬೋರ್ಡಿನ ಮುಂದಿದ್ದ ಅಕ್ಕನಿಗೆ ಮಾತ್ರ ಇಬ್ಬರದೂ ಕೇಳುತ್ತಿತ್ತು. ಆಗ ಅವರೇ ನಡುವೆ ಕೂತು ಮಾತು ದಾಟಿಸುವರು. ನಮ್ಮದು ಆಂಧ್ರದ ಗಡಿಯ ಊರು; ಆ ಕಡೆಯಿಂದ ಕನ್ನಡ ಬಂದರೆ ಈ ಕಡೆಗೆ ತೆಲುಗು, ತೆಲುಗು ಬಂದರೆ ಕನ್ನಡ. 'ಆಡಪಿಲ್ಲ ಪುಟ್ಟಿಂದಂಟ, ತಾಯಿ ಮಗು ಚೆನ್ನಾಗಿದ್ದಾರಂತೆ' ಎಂದು ಯಾರದೋ ಮನೆಯ ಹೆಣ್ಣುಮಗುವಿನ ಸುದ್ದಿಯನ್ನು ತಮ್ಮ ಮನೆಯದೇ ಅನ್ನುವಷ್ಟು ಖುಷಿಯಾಗಿ ಕೂಗುವರು. ಅರ್ಧ ಊರಿನ ಮಕ್ಕಳು ಹುಟ್ಟಿದ್ದನ್ನು ಮೊದಲು ಕೇಳಿದ್ದು ಆ ಎಡಗಿವಿ.

ಸಾವಿನ ಸುದ್ದಿಗೆ ಮಾತ್ರ ಅವರದೊಂದು ಕ್ರಮವಿತ್ತು. ಇಲಾಖೆ ಹೇಳಿಕೊಟ್ಟದ್ದಲ್ಲ, ಅವರೇ ಮಾಡಿಕೊಂಡದ್ದು. ಮಗನಿಗೋ ಮಗಳಿಗೋ ನೇರವಾಗಿ ಎಂದೂ ಹೇಳುತ್ತಿರಲಿಲ್ಲ. 'ಪಕ್ಕದಲ್ಲಿ ದೊಡ್ಡೋರು ಯಾರಾದ್ರೂ ಇದ್ದಾರಾ? ಅವರಿಗೆ ಕೊಡಿ' ಎನ್ನುವರು. ಆ ದೊಡ್ಡವರಿಗೆ ವಿಷಯ ತಿಳಿಸಿ, ಕೈಹಿಡಿದು ಕರೆದುಕೊಂಡು ಹೋಗಿ ಎನ್ನುವರು. ಊರಿಗೆಲ್ಲ ಇದು ಗೊತ್ತಿತ್ತು.

ಓದು ಮುಗಿಸಿ ಕೆಲಸ ಸಿಗುವ ತನಕ ನಾನು ಮಾವಿನ ಮಂಡಿಯೊಂದರಲ್ಲಿ ಲೋಡು ನೋಡಿಕೊಳ್ಳುತ್ತಿದ್ದೆ. ಸೀಸನ್ನಿನ ಕಾಲ, ನಿಲ್ಲಲು ಕೂರಲು ಪುರುಸೊತ್ತಿಲ್ಲ. ಅಮ್ಮ ದೇವರಾಯಸಮುದ್ರದ ನಮ್ಮ ಸೋದರಮಾವನ ಮನೆಗೆ ಹೋಗಿ ವಾರವಾಗಿತ್ತು. ಅಮ್ಮನಿಗೆ ಉಬ್ಬಸ ಹಳೆಯದು. ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಮಂಡಿಯ ಫೋನು ಹೊಡೆದುಕೊಂಡಿತು. ಊರಲ್ಲಿ ಫೋನಿಲ್ಲದೆ ಮುಳಬಾಗಿಲಿಗೆ ಬಂದಿದ್ದ ಮಾವ. ಅವರು ಕೂಗುತ್ತಿದ್ದಾರೆ ಎನ್ನುವುದಷ್ಟೇ ಗೊತ್ತಾಗುತ್ತಿತ್ತು, ಏನು ಎನ್ನುವುದು ತಿಳಿಯುತ್ತಿರಲಿಲ್ಲ. ನಡುವೆ ಅಕ್ಕನ ದನಿ ಬಂತು: "ಇರಿ, ನಂಗೆ ಹೇಳಿ, ನಾನು ಹೇಳ್ತೀನಿ." ಆಮೇಲೆ ಸ್ವಲ್ಪ ಹೊತ್ತು ಬರೀ ಗೊರಗೊರ.

"ಲೋ, ನೀನೇನಾ? ಸಾಹುಕಾರ್ರು ಇದ್ದಾರಾ?"

"ಇಲ್ಲ ಅಕ್ಕ, ಯಲ್ದೂರಿನ ತೋಟಕ್ಕೆ ಹೋಗವ್ರೆ."

"ಬೇರೆ ದೊಡ್ಡೋರು ಯಾರಾದ್ರೂ?"

"ಯಾರೂ ಇಲ್ಲ. ಏನಂತೆ ಹೇಳಿ."

ಮತ್ತೆ ಗೊರಗೊರ. ಅದು ಎಷ್ಟು ಹೊತ್ತಿತ್ತೋ...

"ಅಮ್ಮನಿಗೆ ಸ್ವಲ್ಪ ಹುಷಾರಿಲ್ವಂತೆ ಕಣೋ. ಹನ್ನೊಂದರ ಬಸ್ ಹಿಡ್ಕೊಂಡು ಹೊರಟುಬಿಡು."

"ಉಬ್ಬಸಾನಾ?"

"ಹೂಂ... ಹೊರಡು ಅಂದ್ನಲ್ಲ."

ನಾನು ಹೊರಡಲಿಲ್ಲ. ಲಾರಿ ಅರ್ಧ ತುಂಬಿತ್ತು. ಲೋಡು ಮುಗಿಸಿಯೇ ಹೋದರಾಯಿತು ಎಂದುಕೊಂಡೆ. ಸಾಹುಕಾರರು ಬಂದಿರಬಹುದೆಂದು ಅಕ್ಕ ಆಮೇಲೆ ಎರಡು ಸಲ ಮಂಡಿಗೆ ಫೋನು ಮಾಡಿದರಂತೆ. ಸಾಹುಕಾರರು ಬಂದಿರಲಿಲ್ಲ, ನಾನು ಹಿಂದುಗಡೆ ಲಾರಿಯ ಹತ್ತಿರ ಇದ್ದೆ, ಫೋನು ಎತ್ತುವವರಿರಲಿಲ್ಲ. ಬೋರ್ಡು ಬಿಟ್ಟು ಎದ್ದು ಬರಲು ಅವರಿಗೆ ಆ ದಿನ ಬದಲಿ ಆಳು ಇರಲಿಲ್ಲ. ನಾನು ದೇವರಾಯಸಮುದ್ರದಲ್ಲಿ ಬಸ್ಸಿಳಿದಾಗ ಸಂಜೆ. ಕೆರೆಕಟ್ಟೆಯ ಕೆಳಗೆ ಎಲ್ಲ ಮುಗಿದು ಹೊಗೆ ಮಾತ್ರ ಏಳುತ್ತಿತ್ತು. ಬೇಸಿಗೆ, ಇಟ್ಟುಕೊಳ್ಳುವಂತಿರಲಿಲ್ಲ. ಮಾವ ನನ್ನ ತೋಳು ಹಿಡಿದು, "ಎರಡು ಗಂಟೆ ತಂಕ ಕಾದ್ವಿ ಕಣೋ, ಹೇಳಿ ಕಳಿಸಿದ್ನಲ್ಲ, ಯಾಕೋ ಬರ್ಲಿಲ್ಲ?" ಎಂದು ಅತ್ತರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು.

ಊರಿಗೆ ವಾಪಸ್ಸು ಬಂದ ದಿನ ಅಕ್ಕ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತರು.

"ನಮ್ಮಮ್ಮನ ಮುಖ ಕೊನೇ ಸಲ ನೋಡಕ್ಕೂ ಬಿಡ್ಲಿಲ್ಲ ನೀವು," ಎಂದೆ. "ಇನ್ನು ಈ ಬಾಗಿಲಿಗೆ ಬರಬೇಡಿ."

ಅವರು "ದೊಡ್ಡೋರು ಇದ್ದಾರೇನೋ ಅಂತ ಕೇಳಿದ್ನಲ್ಲೋ..." ಎಂದರು. ಅಷ್ಟೇ. ನಾನು ಬಾಗಿಲು ಹಾಕಿಕೊಂಡೆ.

ಇಲ್ಲಿ ಒಂದು ವಿಷಯ ಬರೆಯಲೇಬೇಕು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಅಕ್ಕ ಆ ಪ್ರಶ್ನೆ ಕೇಳಿದ ಕ್ಷಣವೇ ನಾನು ಕೈಯಲ್ಲಿದ್ದ ಲೋಡಿನ ಚೀಟಿಯನ್ನು ಕೆಳಗಿಟ್ಟಿದ್ದೆ. ಅವರು ಯಾವಾಗ ಹಾಗೆ ಕೇಳುತ್ತಾರೆಂದು ಪಕ್ಕದಲ್ಲೇ ಕೂತು ಹತ್ತು ಸಲ ನೋಡಿದವನು ನಾನು. ಗೊತ್ತಾಗಿತ್ತು. ಆದರೂ ಅವರು 'ಹುಷಾರಿಲ್ಲ' ಎಂದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಬಸ್ಸು ಹತ್ತದೆ ಇರುವಷ್ಟು ಹೊತ್ತು ಅಮ್ಮನಿಗೆ ಬರೀ ಉಬ್ಬಸ. ಅದಕ್ಕೇ ಆ ದಿನ ಒಂದೊಂದು ಕ್ರೇಟನ್ನೂ ನಾನೇ ಎತ್ತಿಟ್ಟೆ, ಚಹಾಕ್ಕೂ ನಿಲ್ಲಲಿಲ್ಲ. ಆಮೇಲೆ ತಪ್ಪನ್ನೆಲ್ಲ ತೆಗೆದು ಅಕ್ಕನ ತಲೆಗೆ ಕಟ್ಟಿದೆ. ಅವರು ಹೊತ್ತುಕೊಂಡರು.

ಸ್ವಲ್ಪ ದಿನಕ್ಕೆ ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂತು, ಬೋರ್ಡು ಹೋಯಿತು, ಅಕ್ಕನಿಗೆ ಮಾಲೂರಿಗೆ ವರ್ಗವಾಯಿತು. ಅವರ ಸಾಮಾನಿನ ಗಾಡಿ ಹೊರಡುವಾಗ ನಾನು ಹಿತ್ತಲಲ್ಲಿದ್ದೆ. ಎಷ್ಟೋ ವರ್ಷದ ಮೇಲೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕಂಡರು. ತಲೆ ಅರ್ಧ ನರೆತಿತ್ತು. ನನ್ನನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದರು. ನಾನು ಯಾವುದೋ ಬಸ್ಸಿನ ಬೋರ್ಡು ಓದುವವನಂತೆ ಮುಖ ತಿರುಗಿಸಿದೆ. ಮತ್ತೆ ನೋಡಿದಾಗ ಅವರಿರಲಿಲ್ಲ... ಆಗಲಾದರೂ ಹೋಗಿ ಮಾತಾಡಿಸಬಹುದಿತ್ತು. ಈ ವರ್ಷ ಹೋಗೋಣ, ಬೇಸಿಗೆ ರಜೆಗೆ ಹೋಗೋಣ ಎನ್ನುತ್ತಾ ಮೂವತ್ತು ಬೇಸಿಗೆ ಕಳೆದೆ.

ಆ ವಾಸನೆ ಬಂದ ಮಾರನೆಯ ದಿನ ಶ್ರೀನಿವಾಸಪುರದ ಹಳೆಯ ಪರಿಚಯದವರನ್ನು ಹಿಡಿದು, ಮಾಲೂರಿನಲ್ಲೇ ಇದ್ದ ಅಕ್ಕನ ಅಣ್ಣನ ಮಗಳ ನಂಬರು ಸಂಪಾದಿಸಿದೆ. ಬೆಳಗಿನ ಹೊತ್ತು. ಪರೀಕ್ಷೆಗೆಂದು ಫೋನಿಗೆ ಸಿಕ್ಕಿಸಿದ್ದ ಜಾಲರಿಯ ಹೆಡ್‌ಫೋನು ತಲೆಯ ಮೇಲೇ ಇತ್ತು, ಹಾಗೆಯೇ ಮಾತಾಡಿದೆ. ನಾನು ಯಾರೆಂದು ಹೇಳಿ, ಅಕ್ಕನಿಗೆ ಫೋನು ಕೊಡಮ್ಮ ಎಂದೆ.

"ನಮ್ಮತ್ತೆ ಹೋಗಿ ಎರಡು ವರ್ಷ ಆಯ್ತು ಸಾರ್."

"ಕೊನೆಗೆ ಕಷ್ಟಪಟ್ರೇನಮ್ಮ?"

"ಇಲ್ಲ ಸಾರ್, ಏನಿಲ್ಲ. ಚೆನ್ನಾಗೇ ಇದ್ರು."

'ಇಲ್ಲ' ಎನ್ನುವ ಮುಂಚೆ ಆಕೆ ಉಸಿರು ಹಿಡಿದದ್ದು, ಗಂಟಲಲ್ಲಿ ಏನನ್ನೋ ನುಂಗಿದ್ದು ನನ್ನ ಕಿವಿಯೊಳಗೇ ಆದ ಹಾಗೆ ಕೇಳಿಸಿತು. 'ಒಳ್ಳೇದಾಯ್ತು ಬಿಡಮ್ಮ' ಎಂದು ಫೋನು ಇಟ್ಟುಬಿಡಬಹುದಿತ್ತು. ಇಟ್ಟಿದ್ದರೆ ಸುಖವಾಗಿರುತ್ತಿದ್ದೆ.

"ನಿಜ ಹೇಳಮ್ಮ. ಕೇಳಿಸ್ಕೊಳ್ತೀನಿ," ಎಂದೆ.

ಆಕೆ ಹೇಳಿದರು. "ಆರು ವರ್ಷ ಕಿವಿ ಪೂರ್ತಿ ಹೋಗಿತ್ತು ಸಾರ್. ಮಿಷಿನ್ ಹಾಕ್ಸಿದ್ವಿ, ಬರೀ ಗೊರಗೊರ ಅಂತದೆ ಅಂತ ಕಿತ್ತಿಟ್ಬಿಟ್ರು. ನಾವೆಲ್ಲ ಬೆಳಿಗ್ಗೆ ಕೆಲ್ಸಕ್ಕೆ ಹೋಗಿಬಿಡ್ತಿದ್ವಿ. ಒಬ್ರೇ ಬಾಗ್ಲತ್ರ ಕುರ್ಚಿ ಹಾಕ್ಕೊಂಡು ಕೂತಿರೋರು. ಮಾತಾಡೋದೂ ಬಿಟ್ಟಿದ್ರು."

"ನಾನು ಬರಬೇಕಾಗಿತ್ತಮ್ಮ. ಅವರಿಗೊಂದು ಮಾತು ಹೇಳೋದಿತ್ತು."

"ಬಂದಿದ್ರೂ ನೀವು ಹೇಳಿದ್ದು ಕೇಳಿಸ್ತಿರಲಿಲ್ಲ ಸಾರ್..." ಎಂದರು ಆಕೆ. "ನಿಮ್ಮ ಮುಖ ನೋಡೋರು. ಯಾರು ಬಂದ್ರೂ ಮುಖಾನೇ ನೋಡ್ತಿದ್ರು."

ಫೋನು ಇಟ್ಟ ಮೇಲೂ ಹೆಡ್‌ಫೋನು ತೆಗೆಯದೆ ಕೂತಿದ್ದೆ. ಅಮ್ಮ ಹೋದಾಗ ಬಾರದ ಅಳು ಈಗ ಬಂತು. ಜಾಲರಿಯ ಮೂಲಕ ನನ್ನ ಅಳು ನನಗೇ ಕೇಳಿಸುತ್ತಿತ್ತು, ಅಸಹ್ಯವಾಗಿ. ಅಕ್ಕ ಇದ್ದಷ್ಟು ದಿನವೂ ಮಾಲೂರು ಇಲ್ಲಿಂದ ಒಂದು ಗಂಟೆಯ ದಾರಿ.

ನಿನ್ನೆ ಅಂಗಡಿಯವರು ಫೋನು ಮಾಡಿ ಯಾವುದು ವಾಪಸ್ಸು ಎಂದು ಕೇಳಿದರು. ಚರ್ಮದ್ದು ಎಂದೆ. 'ಎಲ್ಲರೂ ಅದನ್ನೇ ಇಟ್ಕೊಳ್ತಾರೆ ಸಾರ್, ಕೇಳಕ್ಕೆ ಹಿತ' ಎಂದರು. ಹೌದು, ಹಿತವೇ. ಅದನ್ನು ಡಬ್ಬಿಗೆ ಹಾಕಿ ಟೇಪು ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಕೇಳಿಸಿದ್ದನ್ನೂ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳುವ ವಯಸ್ಸು ನನ್ನದಲ್ಲ.